ಕ್ವಾಂಟಮ್ ತಂತ್ರಜ್ಞಾನ ಬಳಕೆಗೆ ಬಂದಿದೆಯೇ?

ಪ್ರಶ್ನೆ: ಪರಮಾಣು ಮಟ್ಟದ ಕಣಗಳ ವಿಶೇಷ ಗುಣಗಳನ್ನು ಬಳಸುವ ತಂತ್ರಜ್ಞಾನದ ಸಂಶೋಧನೆಗಾಗಿ ರೂಪಿಸಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಕೇಂದ್ರ ಸರ್ಕಾರ 2023ರಲ್ಲಿ ಆರು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಮೊತ್ತಕ್ಕೆ ಒಪ್ಪಿಗೆ ನೀಡಿತು. ಈ ಸಂಶೋಧನೆಯಲ್ಲಿ ಪ್ರಯೋಗಾಲಯ ದಾಟಿ ಬಂದದ್ದು ಏನಾದರೂ ಇದೆಯೇ?

ಉತ್ತರ: ಇದೆ, ಆದರೆ ಅದು ಹೆಚ್ಚು ಸದ್ದು ಮಾಡುತ್ತಿರುವ ಕ್ವಾಂಟಮ್ ಕಂಪ್ಯೂಟರ್ ಅಲ್ಲ. ರಹಸ್ಯ ಸಂದೇಶವನ್ನು ಬಿಡಿಸುವ ಕೀಲಿಯನ್ನು, ಅಂದರೆ ಗುಪ್ತ ಸಂಖ್ಯೆಯನ್ನು, ಬೆಳಕಿನ ಒಂಟಿ ಕಣಗಳಾದ ಫೋಟಾನ್‌ಗಳ ಮೂಲಕ ಕಳುಹಿಸುವ ವಿಧಾನವನ್ನು ವಿಜ್ಞಾನಿಗಳಾದ ಬೆನೆಟ್ ಮತ್ತು ಬ್ರಸಾರ್ಡ್ 1984ರಲ್ಲಿ ಮಂಡಿಸಿದರು. ನಡುವೆ ಯಾರಾದರೂ ಕದ್ದು ನೋಡಿದರೆ ಫೋಟಾನಿನ ಸ್ಥಿತಿಯೇ ಕದಡಿ, ಕಳವು ಬಯಲಾಗುತ್ತದೆ ಎಂಬುದು ಅದರ ತಿರುಳು. ಮೊದಲ ಪ್ರಯೋಗದಲ್ಲಿ ಬೆಳಕು ಸಾಗಿದ್ದು ಸುಮಾರು 30 ಸೆಂಟಿಮೀಟರ್ ಮಾತ್ರ. 2007ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದ ಆಡಳಿತ ಚುನಾವಣೆಯ ಮಾಹಿತಿಯನ್ನು ಕಾಪಾಡಲು ಇದೇ ವಿಧಾನವನ್ನು ಬಳಸಿತು.

ನಿಜವಾದ ತೊಡಕು ದೂರದ್ದು. ಬೆಳಕನ್ನು ಸಾಗಿಸುವ ಗಾಜಿನ ಎಳೆಯಾದ ಫೈಬರ್ ಎಷ್ಟೇ ಒಳ್ಳೆಯದಿದ್ದರೂ 100 ಕಿಲೋಮೀಟರ್ ಕಳೆಯುವಷ್ಟರಲ್ಲಿ ನೂರರಲ್ಲಿ ಸುಮಾರು ಒಂದು ಫೋಟಾನ್ ಮಾತ್ರ ಉಳಿಯುತ್ತದೆ. ಸಾಮಾನ್ಯ ದೂರಸಂಪರ್ಕದಲ್ಲಿ ಮಾಡುವಂತೆ ದಾರಿಯಲ್ಲಿ ಅದನ್ನು ವರ್ಧಿಸೋಣವೆಂದರೆ, ಅದಕ್ಕೆ ಫೋಟಾನಿನ ಪ್ರತಿ ತೆಗೆಯಬೇಕು; ಆದರೆ ಅಪರಿಚಿತ ಕ್ವಾಂಟಮ್ ಸ್ಥಿತಿಯ ತದ್ರೂಪನ್ನು ತೆಗೆಯಲು ಪ್ರಕೃತಿಯ ನಿಯಮವೇ ಅವಕಾಶ ಕೊಡುವುದಿಲ್ಲ. ಭಾರತದ ಮಿಷನ್ 2000 ಕಿಲೋಮೀಟರ್ ಸಂಪರ್ಕದ ಗುರಿ ಇಟ್ಟಿರುವುದು ಈ ಹಿನ್ನೆಲೆಯಲ್ಲಿಯೇ. ನನ್ನ ಅಂದಾಜಿನಲ್ಲಿ ಆ ದಾರಿ ಇನ್ನೂ ಉದ್ದವಿದೆ.