ಆ ರೂಮನ್ನು ಬಿಡಬೇಡಿ

ಮುಂದಿನ ತಿಂಗಳು ಉಡುಪಿಯಿಂದ ಶಾರ್ಜಾಕ್ಕೆ ಬರಲಿರುವ ನೀವು ಬಾಡಿಗೆ, ಊಟ, ಮನೆಗೆ ಹಣ ಕಳುಹಿಸುವುದು ಎಲ್ಲವನ್ನೂ ವಿಚಾರಿಸಿ, ಕೊನೆಗೆ ಹೀಗೆ ಕೇಳಿದ್ದೀರಿ: ‘ಸಿಕ್ಕಿರುವ ರೂಮಿನಲ್ಲಿ ಮಂಗಳೂರಿನವರೇ ಒಬ್ಬರಿದ್ದಾರೆ. ಧರ್ಮ ಬೇರೆ, ರಾಜಕೀಯವೂ ನಮ್ಮದಕ್ಕೆ ತದ್ವಿರುದ್ಧ. ಬೇರೆ ರೂಮು ನೋಡಲೇ?’ ಬಾಡಿಗೆಯನ್ನು ಕಂಪನಿ ಕೊಡುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕುಚ್ಚಲಕ್ಕಿ ಇಲ್ಲಿ ಸಿಗುತ್ತದೆ, ಹೊತ್ತು ತರಬೇಡಿ. ನನಗೆ ಹೇಳಬೇಕಾಗಿರುವುದು ನಿಮ್ಮ ಕೊನೆಯ ಪ್ರಶ್ನೆಯ ಬಗ್ಗೆ.

ನಾನು ಬಂದದ್ದು 1999ರಲ್ಲಿ. ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಆರಂಭವಾದದ್ದು 2006ರಲ್ಲಿ. ಅದಕ್ಕೂ ಮೊದಲು ಬಸ್ಸಿನಲ್ಲಿ ಮುಂಬಯಿಗೆ ಹೋಗಿ ಅಲ್ಲಿಂದ ವಿಮಾನ ಹತ್ತಬೇಕಿತ್ತು. ರೂಮು ಸೇರಿದಾಗ ನಡುರಾತ್ರಿ ಕಳೆದಿತ್ತು. ಮಂಗಳೂರಿನ ಹತ್ತಿರದ ಸುರತ್ಕಲ್ ಕಡೆಯ ಬ್ಯಾರಿ (ನಮ್ಮ ಕರಾವಳಿಯ ಮುಸ್ಲಿಮರು) ಒಬ್ಬರು, ನನಗಿಂತ ಎಂಟು ವರ್ಷ ಹಿರಿಯರು, ‘ವಣಸ್ ಆಂಡಾ?’ (ಊಟ ಆಯಿತೇ?) ಎಂದು ತುಳುವಿನಲ್ಲಿ ಕೇಳಿ ಗಂಜಿ ಬಿಸಿ ಮಾಡಿ ಬಡಿಸಿದರು. ನಾನು ಮೀನು ತಿನ್ನುವುದಿಲ್ಲವೆಂದು ತಿಳಿದ ಮರುದಿನವೇ ನನಗಾಗಿ ಒಂದು ಬಾಣಲೆಯನ್ನು ಪ್ರತ್ಯೇಕವಾಗಿಟ್ಟರು.

ಮೂರು ವರ್ಷ ಹಾಗೆ ಬದುಕಿದ ಮೇಲೆ, ಒಂದು ಶುಕ್ರವಾರ, 1998ರ ಡಿಸೆಂಬರಿನಲ್ಲಿ ಸುರತ್ಕಲ್‌ನಲ್ಲಿ ನಡೆದ ಹಿಂದೂ–ಮುಸ್ಲಿಂ ಗಲಭೆಯ ಮಾತು ಬಂತು. ಮೊದಲು ಶುರು ಮಾಡಿದವರು ಯಾರು ಎಂಬಲ್ಲಿಂದ ಹಿಡಿದು ಪ್ರತಿಯೊಂದಕ್ಕೂ ನನ್ನಲ್ಲಿ ಉತ್ತರವಿತ್ತು. ಅವರು ಒಪ್ಪದಿದ್ದಾಗ, ‘ಆಗ ನಾನು ಊರಿನಲ್ಲಿದ್ದೆ, ನೀವು ಇಲ್ಲಿದ್ದಿರಿ, ನಿಮಗೇನು ಗೊತ್ತು?’ ಎಂದುಬಿಟ್ಟೆ. ಅವರು ಮಾತು ನಿಲ್ಲಿಸಿದರು. ವಾದದಲ್ಲಿ ಗೆದ್ದೆನೆಂದು ನಾನು ಭಾವಿಸಿದೆ. ಆಮೇಲೆ ನಮ್ಮ ನಡುವೆ ಉಳಿದದ್ದು ಗ್ಯಾಸು, ನೀರಿನ ಲೆಕ್ಕದ ಮಾತು ಮಾತ್ರ. ಕೆಲವು ತಿಂಗಳಲ್ಲಿ ಅವರು ಅಜ್ಮಾನ್‌ಗೆ ರೂಮು ಬದಲಿಸಿದರು.

2004ರಲ್ಲಿ ರಜೆಗೆ ಹೋದಾಗ, ಯಾರೋ ಕೊಟ್ಟ ಪಾರ್ಸೆಲ್ ತಲುಪಿಸಲು ಅವರ ಮನೆಗೆ ಹೋಗಿದ್ದೆ. ಗಲಭೆಯ ಆ ದಿನಗಳಲ್ಲಿ ಮನೆಗೆ ಬೀಗ ಹಾಕಿ ಎಲ್ಲರೂ ಸಂಬಂಧಿಕರಲ್ಲಿಗೆ ಹೋಗಿದ್ದರಂತೆ. ಅದು ತಿಳಿಯದ ಮಗ ಎರಡು ದಿನ ಶಾರ್ಜಾದ ಫೋನ್ ಬೂತಿನಲ್ಲಿ ನಿಂತು, ಯಾರೂ ಎತ್ತದ ಫೋನಿಗೆ ಮತ್ತೆ ಮತ್ತೆ ಕರೆ ಮಾಡುತ್ತಿದ್ದನೆಂದು ಅವರ ತಾಯಿ ಹೇಳಿದರು. ‘ನೀವು ಇಲ್ಲಿದ್ದಿರಿ’ ಎಂದು ನಾನು ಹಂಗಿಸಿದ್ದು ಅದನ್ನೇ. ಕರ್ಫ್ಯೂವಿನಲ್ಲಿ ಸಿಕ್ಕಿಬಿದ್ದ ನನ್ನ ಅಣ್ಣನಿಗಾಗಿ ನಮ್ಮ ಮನೆಯಲ್ಲೂ ಯಾರೂ ನಿದ್ದೆ ಮಾಡಿರಲಿಲ್ಲ. ಅದನ್ನು ನಾನು ಅವರಿಗೆ ಹೇಳಿರಲಿಲ್ಲ, ಅವರದನ್ನು ಕೇಳಿರಲೂ ಇಲ್ಲ. ಅಷ್ಟರಲ್ಲಿ ಅವರು ಸೌದಿಯ ಜುಬೈಲ್‌ಗೆ ಹೋಗಿಯಾಗಿತ್ತು. ಒಮ್ಮೆ ಫೋನಿನಲ್ಲಿ ಸಿಕ್ಕಾಗ ನನ್ನ ಅಮ್ಮನ ಆರೋಗ್ಯ ವಿಚಾರಿಸಿದರು. ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ.

ಆ ಗಲಭೆಯ ಬಗ್ಗೆ ಅವರ ಅಭಿಪ್ರಾಯವನ್ನು ನಾನು ಇಂದಿಗೂ ಪೂರ್ತಿಯಾಗಿ ಒಪ್ಪುವುದಿಲ್ಲ. ಒಪ್ಪದೆಯೂ ಕೇಳಬಹುದಿತ್ತು. ಆದುದರಿಂದ ಆ ರೂಮನ್ನು ಬಿಡಬೇಡಿ. ಊರಿನ ವಿಷಯ ಬಂದಾಗ ಸರಿ ಯಾರು, ತಪ್ಪು ಯಾರು ಎಂಬುದಕ್ಕೆ ಮೊದಲು, ಆ ದಿನ ನಿಮ್ಮ ರೂಮಿನವರ ಮನೆಯವರು ಎಲ್ಲಿದ್ದರೆಂದು ಕೇಳಿ, ಹೇಳುವವರೆಗೆ ಕಾಯಿರಿ. ವಾಟ್ಸಾಪ್‌ನಲ್ಲಿ ಬಂದದ್ದನ್ನು ಮುಂದಕ್ಕೆ ಕಳುಹಿಸಬೇಡಿ; ಧರ್ಮನಿಂದನೆ, ದ್ವೇಷದ ಮಾತಿನ ವಿರುದ್ಧ ಇಲ್ಲಿ 2015ರಿಂದಲೇ ಕಠಿಣ ಕಾನೂನಿದೆ, ಕೆಲಸವೂ ಹೋಗಬಹುದು. ಹೊರಡುವ ಮೊದಲು ಅವರಿಗೊಮ್ಮೆ ಫೋನ್ ಮಾಡಿ, ಊರಿನಿಂದ ಏನಾದರೂ ತರಬೇಕೇ ಎಂದು ಕೇಳಿ.