ಹೀಟರ್ ಹಾಕಿದರೂ ತಣ್ಣನೆ ಗಾಳಿ: ಹಳೆಯ ಕಾರಿನ ಪ್ರಶ್ನೋತ್ತರ

ಪ್ರಶ್ನೆ: ನನ್ನದು 1959ರ ಮಾರಿಸ್ ಮೈನರ್ 1000, 948 ಸಿಸಿ ಎಂಜಿನ್. ಡ್ಯಾಶ್‌ಬೋರ್ಡ್ ಕೆಳಗೆ ದುಂಡನೆಯ ಸ್ಮಿತ್ಸ್ ಹೀಟರ್ ಇದೆ. ಫ್ಯಾನ್ ಚೆನ್ನಾಗಿಯೇ ತಿರುಗುತ್ತದೆ, ಆದರೆ ಅರ್ಧ ಗಂಟೆ ಓಡಿಸಿದರೂ ಬರುವುದು ತಣ್ಣನೆ ಗಾಳಿ. ಹೋದ ಬೇಸಿಗೆಯಲ್ಲಿ ಕೆಳಗೆ ಮೆಟ್ಟುಪಾಳಯದಲ್ಲಿ ರೇಡಿಯೇಟರ್ ಕೆಲಸ ಮಾಡಿಸಿದ್ದೆ. ಹೀಟರ್ ಕೋರ್ (ಎಂಜಿನ್ನಿನ ಬಿಸಿ ನೀರು ಹರಿದು ಗಾಳಿ ಕಾಯಿಸುವ ಪುಟ್ಟ ರೇಡಿಯೇಟರ್) ಹೋಗಿದೆ, ಹೊಸದು ತರಿಸಿ ಎನ್ನುತ್ತಾರೆ ಇಲ್ಲಿಯ ಮೆಕ್ಯಾನಿಕ್. ತರಿಸಲೇ?
— ಓದುಗರು, ಉದಕಮಂಡಲ

ಉತ್ತರ: ಕೋರ್ ವಿಚಾರ ಕೊನೆಗಿರಲಿ. ಬಿಸಿಲೂರಿನಲ್ಲಿ ರೇಡಿಯೇಟರ್ ಕೆಲಸ ಆಗಿದೆ ಎಂದಿರಲ್ಲ, ಮೊದಲ ಅನುಮಾನ ಅಲ್ಲೇ. ಎಂಜಿನ್ ಹೀಟ್ ಆಗುತ್ತಿದೆ ಎಂದ ಕೂಡಲೇ, ನೀರು ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ಥರ್ಮೋಸ್ಟ್ಯಾಟನ್ನು ಕಿತ್ತು ಬಿಸಾಡುವುದು ನಮ್ಮ ಕಡೆಯ ವರ್ಕ್‌ಶಾಪ್‌ಗಳಲ್ಲಿ ಹಳೆಯ ರೂಢಿ. ಅದಿಲ್ಲದಿದ್ದರೆ ನೀರು ಬಿಸಿಯಾಗುವ ಮೊದಲೇ ರೇಡಿಯೇಟರ್ ಸುತ್ತಿ ತಣ್ಣಗಾಗಿ ಬರುತ್ತದೆ. 2,240 ಮೀಟರ್ ಎತ್ತರದ ನಿಮ್ಮೂರಿನ ಬೆಳಗಿನ ಚಳಿಯಲ್ಲಿ ಎಂಜಿನ್ ಕಾಯುವುದೇ ಇಲ್ಲ, ಇನ್ನು ಹೀಟರ್‌ಗೆ ಬಿಸಿ ಎಲ್ಲಿಂದ ಬರಬೇಕು? ಮೈನರ್‌ನಲ್ಲಿ ಟೆಂಪರೇಚರ್ ಮೀಟರ್ ಇಲ್ಲದ ಕಾರಣ ಇದು ಯಾರ ಗಮನಕ್ಕೂ ಬರುವುದಿಲ್ಲ. ಕಾಲಿಗೆ ಚಳಿ ಆಗುವುದು ಒಂದು ಕಡೆಯಾದರೆ, ಚೋಕ್ ಎಳೆದೇ ಓಡಿಸುವುದು, ಪೆಟ್ರೋಲ್ ಆಯಿಲ್‌ಗೆ ಸೇರುವುದು, ಸಿಲಿಂಡರ್ ಬೋರ್ ಸವೆಯುವುದು ಇನ್ನೊಂದು ಕಡೆ. ಎರಡನೆಯದೇ ದೊಡ್ಡ ನಷ್ಟ.

ಪರೀಕ್ಷೆಗೆ ಕೈಯೊಂದೇ ಸಾಕು. ರಾತ್ರಿಯಿಡೀ ನಿಂತ ಕಾರನ್ನು ಸ್ಟಾರ್ಟ್ ಮಾಡಿ, ರೇಡಿಯೇಟರ್‌ನ ಮೇಲಿನ ಹೋಸ್ ಮುಟ್ಟಿ ನೋಡುತ್ತಿರಿ. ಬೆಲ್ಟಿನ ಫ್ಯಾನ್ ಸದಾ ತಿರುಗುತ್ತಲೇ ಇರುತ್ತದೆ, ಮಫ್ಲರ್, ಶಾಲು, ಪಂಚೆಯ ಅಂಚು ದೂರ ಇರಲಿ. ಹೋಸ್ ಐದಾರು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಸುಡತೊಡಗಿದರೆ ಥರ್ಮೋಸ್ಟ್ಯಾಟ್ ಇದೆ, ಕೆಲಸವನ್ನೂ ಮಾಡುತ್ತಿದೆ. ಮೊದಲ ನಿಮಿಷದಿಂದಲೇ ಮೆಲ್ಲಗೆ ಬೆಚ್ಚಗಾಗಿ, ಅಷ್ಟಕ್ಕೇ ನಿಂತುಬಿಟ್ಟರೆ ಒಂದೋ ಅದು ಇಲ್ಲ, ಇಲ್ಲವೇ ತೆರೆದುಕೊಂಡೇ ಕಚ್ಚಿಕೊಂಡಿದೆ.

ಹಾಕಬೇಕಾದ್ದು 82 ಡಿಗ್ರಿಯದು. ಎಂಜಿನ್ ಪೂರ್ತಿ ಆರಿದ ಮೇಲೆ ಎರಡು ಲೀಟರಿನಷ್ಟು ನೀರು ಇಳಿಸಿ. ಸಿಲಿಂಡರ್ ಹೆಡ್ಡಿನ (ಎಂಜಿನ್ನಿನ ಮೇಲ್ಭಾಗದ) ಮುಂತುದಿಯಲ್ಲಿ ಥರ್ಮೋಸ್ಟ್ಯಾಟ್ ಮೇಲಿನ ಮುಚ್ಚಳ ಮೂರು ಸ್ಟಡ್‌ಗಳ ಮೇಲೆ ಕೂತಿರುತ್ತದೆ, ತುಕ್ಕು ಹಿಡಿದು ಏಳುವುದಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಹಾಕಿಡಿ, ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಅಲ್ಯೂಮಿನಿಯಂ ಸೀಳುತ್ತದೆ. ಹೊಸ ಥರ್ಮೋಸ್ಟ್ಯಾಟನ್ನು ಮೊದಲು ದಾರಕ್ಕೆ ಕಟ್ಟಿ, ಥರ್ಮಾಮೀಟರ್ ಜೊತೆ ಪಾತ್ರೆಯ ನೀರಿಗೆ ಇಳಿಬಿಟ್ಟು ಕಾಯಿಸಿ ನೋಡಿ. ನಿಮ್ಮ ಎತ್ತರದಲ್ಲಿ ನೀರು 92–93 ಡಿಗ್ರಿಗೇ ಕುದಿಯುತ್ತದೆ. 82ಕ್ಕೆ ಬಾಯಿ ಬಿಡಲು ಶುರುಮಾಡಿ, ಕುದಿಯುವಾಗಲೂ ಪೂರ್ತಿ ತೆರೆಯದಿದ್ದರೆ ಹಾಳು ಮಾಲು ಎಂದು ವಾಪಸು ಕೊಡಬೇಡಿ. ಪೂರ್ತಿ ತೆರೆಯಲು ಇನ್ನೂ ಕೆಲವು ಡಿಗ್ರಿ ಬೇಕು. ಮೇಣ ತುಂಬಿದ ಗುಂಡು ಹೆಡ್ಡಿನ ಒಳಗೆ, ಕೆಳಮುಖವಾಗಿರಲಿ. ಗ್ಯಾಸ್ಕೆಟ್ ಹೊಸದೇ ಆಗಬೇಕು.

ರೇಡಿಯೇಟರ್ ಕ್ಯಾಪ್ ಕೂಡ ನೋಡಿ. 7 ಪಿಎಸ್‌ಐ ಒತ್ತಡ ಹಿಡಿಯುವ ಒಳ್ಳೆಯ ಕ್ಯಾಪ್ ಇದ್ದರೆ ಊಟಿಯಲ್ಲೂ ನೀರು ನೂರು ಡಿಗ್ರಿ ದಾಟುವವರೆಗೆ ಕುದಿಯುವುದಿಲ್ಲ. ರಬ್ಬರ್ ಗಟ್ಟಿಯಾದ ಕ್ಯಾಪ್ ಇಟ್ಟುಕೊಂಡು ಥರ್ಮೋಸ್ಟ್ಯಾಟ್ ಹಾಕಿದರೆ ಕಲ್ಲಟ್ಟಿ ಘಾಟಿ ಹತ್ತುವಾಗ ನೀರು ಉಕ್ಕುತ್ತದೆ, ಬೈಗುಳ ಥರ್ಮೋಸ್ಟ್ಯಾಟಿಗೆ ಸಿಗುತ್ತದೆ.

ಎಂಜಿನ್ ಚೆನ್ನಾಗಿ ಕಾದ ಮೇಲೂ ಗಾಳಿ ತಣ್ಣಗೇ ಇದ್ದರೆ ಹೀಟರ್‌ನ ಎರಡು ಹೋಸ್‌ಗಳನ್ನು ಮುಟ್ಟಿ. ಎರಡೂ ತಣ್ಣಗಿವೆಯೇ? ಹೆಡ್ಡಿನ ಹಿಂತುದಿಯ ಪುಟ್ಟ ಟ್ಯಾಪ್ ಮುಚ್ಚಿರಬಹುದು. ಬೇಸಿಗೆಯಲ್ಲಿ ಮುಚ್ಚಿ ಮರೆತುಬಿಡುವವರು ಬಹಳ. ತೆರೆದಿದ್ದರೂ ತಣ್ಣಗಿದ್ದರೆ ಟ್ಯಾಪ್ ಬಿಚ್ಚಿ, ಅದರ ಹಿಂದಿನ ತೂತಿಗೆ ತಂತಿ ಆಡಿಸಿ. ಹೆಡ್ಡಿನ ಹಿಂಭಾಗದಲ್ಲಿ ತುಕ್ಕಿನ ಕೆಸರು ಕೂರುತ್ತದೆ. ಒಂದು ಹೋಸ್ ಬಿಸಿ, ಇನ್ನೊಂದು ತಣ್ಣಗೆ ಎಂದರೆ ಕೋರ್ ಒಳಗೆ ಗಾಳಿ ನಿಂತಿದೆ ಅಥವಾ ಕಸ ಕಟ್ಟಿದೆ. ಎರಡೂ ಬಿಸಿ ಇದ್ದರೆ ನೀರಿನ ಕಡೆ ದೋಷವಿಲ್ಲ, ಕೋರ್ ಮೇಲೆ ಕೂತ ಧೂಳನ್ನೂ ಫ್ಯಾನ್ ರೆಕ್ಕೆಯನ್ನೂ ನೋಡಿ.

ಗಾಳಿ ತೆಗೆಯಲು ಕಾರಿನ ಮೂತಿ ಏರುಮುಖವಾಗಿ ನಿಲ್ಲಿಸಿ, ನಿಮ್ಮಲ್ಲಿ ಇಳಿಜಾರಿಗೇನು ಬರ? ಟ್ಯಾಪ್ ತೆರೆದಿರಲಿ. ಹೀಟರ್‌ನಿಂದ ವಾಪಸು ಬರುವ ಹೋಸನ್ನು ರೇಡಿಯೇಟರ್ ಕಡೆಯ ತುದಿಯಲ್ಲಿ ಬಿಚ್ಚಿ, ಪೈಪಿನ ಬಾಯಿಗೆ ಬೂಚು ಹಾಕಿ. ಹೋಸಿನ ತುದಿಯನ್ನು ಹೀಟರ್‌ಗಿಂತ ಮೇಲೆ ಹಿಡಿದು ಫನಲ್‌ನಿಂದ ಮೆಲ್ಲಗೆ ನೀರು ಹೊಯ್ಯಿರಿ. ಗುಳುಗುಳು ಸದ್ದು ನಿಂತು ರೇಡಿಯೇಟರ್ ಬಾಯಲ್ಲಿ ನೀರು ಏರಿದ ಮೇಲೆ ಥಟ್ಟನೆ ಸೇರಿಸಿ ಕ್ಲಿಪ್ ಬಿಗಿ ಮಾಡಿ.

ಕಸ ಕಟ್ಟಿದ್ದರೆ ಎರಡೂ ಹೋಸ್ ಬಿಚ್ಚಿ ಉಲ್ಟಾ ದಿಕ್ಕಿನಲ್ಲಿ ತೋಟದ ಪೈಪಿನ ನೀರನ್ನು ಸಣ್ಣಗೆ ಬಿಡಿ. ಜೋರಾಗಿ ಬಿಟ್ಟರೆ ಹಿತ್ತಾಳೆಯ ಬೆಸುಗೆ ಬಿಡುತ್ತದೆ. ಹಳದಿ ಬಣ್ಣದ ಮಡ್ಡಿ ಬಂದರೆ ಆಶ್ಚರ್ಯವಿಲ್ಲ: ರೇಡಿಯೇಟರ್ ಸೋರಿದಾಗ ಅರಿಶಿನ ಪುಡಿ ಹಾಕುತ್ತಾರಲ್ಲ, ಅದು ಸೋರುವ ತೂತಿಗಿಂತ ಮೊದಲು ಕೋರ್‌ನ ಸಣ್ಣ ಕೊಳವೆಗಳನ್ನು ಮುಚ್ಚುತ್ತದೆ. ಇನ್ನೂ ಬಿಡದಿದ್ದರೆ ಕೋರ್ ಇಳಿಸಿ, ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ ತುಂಬಿ, ಅರ್ಧ ಗಂಟೆ ಬಿಟ್ಟು ಚೆನ್ನಾಗಿ ತೊಳೆಯಿರಿ. ಕೊನೆಗೆ ಬರೀ ನೀರು ತುಂಬಬೇಡಿ. ಮೂರನೇ ಒಂದು ಪಾಲು ಎಥಿಲೀನ್ ಗ್ಲೈಕಾಲ್ ಕೂಲಂಟ್ ಇರಲಿ. ಹುಲ್ಲಿನ ಮೇಲೆ ಹಿಮ ಕೂರುವ ರಾತ್ರಿಗಳಲ್ಲಿ ಕೋರ್ ಉಳಿಸುವುದೂ ಅದೇ, ತುಕ್ಕು ತಡೆಯುವುದೂ ಅದೇ.

ಪ್ರಶ್ನೆ: ನನ್ನ ಮೈನರ್‌ನ ಹೀಟರ್ ಪಕ್ಕದ ಸೀಟಿನವರ ಕಾಲ ಮೇಲೆ ತೊಟ್ಟಿಕ್ಕುತ್ತದೆ. ನಮ್ಮ ಕರಾವಳಿಯಲ್ಲಿ ಹೀಟರ್ ಯಾಕೆ? ಕಿತ್ತುಹಾಕಬಹುದೇ?
— ಓದುಗರು, ಮಂಜೇಶ್ವರ

ಉತ್ತರ: ಸದ್ಯಕ್ಕೆ ಹೆಡ್ಡಿನ ಟ್ಯಾಪ್ ಮುಚ್ಚಿ, ಎರಡೂ ಹೋಸ್ ತೆಗೆದು, ಟ್ಯಾಪ್‌ನಿಂದ ವಾಪಸು ಪೈಪಿಗೆ ಒಂದೇ ಅರ್ಧ ಇಂಚಿನ ಹೋಸ್ ಹಾಕಿ. ಟ್ಯಾಪ್ ಮಾತ್ರ ಮುಚ್ಚಿ ಕೆಳಗಿನ ವಾಪಸು ಪೈಪನ್ನು ಹಾಗೇ ಬಿಟ್ಟರೆ ಅಷ್ಟೂ ನೀರು ರಸ್ತೆಗೆ. ಆದರೆ ಹೀಟರನ್ನು ಗುಜರಿಗೆ ಕೊಡಬೇಡಿ. ಆಟಿಯ ಮಳೆಯಲ್ಲಿ ಗಾಜು ಮಂಜುಗಟ್ಟಿದಾಗ ಬೇಗ ಒಣಗಿಸುವುದು ಬಿಸಿ ಗಾಳಿಯೇ, ಪಾಣತ್ತೂರಿನಿಂದ ಭಾಗಮಂಡಲದ ಕಡೆ ಘಾಟಿ ಹತ್ತುವಾಗ ಎಂಜಿನ್ ಕಾದರೆ ಹೀಟರ್ ಪೂರ್ತಿ ತೆರೆದು ಒಂದಿಷ್ಟು ಶಾಖ ಇಳಿಸಬಹುದು. ಹಿತ್ತಾಳೆ ಕೋರನ್ನು ರೇಡಿಯೇಟರ್ ಬೆಸುಗೆಯವರು ಸರಿಮಾಡುತ್ತಾರೆ.

ಪ್ರಶ್ನೆ: ಫೋಕ್ಸ್‌ವ್ಯಾಗನ್ ಬೀಟಲ್‌ನ ಹೀಟರ್‌ನಿಂದ ಬಿಸಿ ಬರುತ್ತಿಲ್ಲ. ನೀರೇ ಇಲ್ಲದ ಎಂಜಿನ್‌ನಲ್ಲಿ ಎಲ್ಲಿ ನೋಡಲಿ?
— ಓದುಗರು, ಹೊಸೂರು

ಉತ್ತರ: ಕಾರಿನ ಕೆಳಗೆ ನೋಡಿ. ಎಂಜಿನ್ ಫ್ಯಾನಿನ ಗಾಳಿ ಸೈಲೆನ್ಸರ್‌ಗೆ ಹೋಗುವ ಬಿಸಿ ಪೈಪುಗಳ ಸುತ್ತಲಿನ ತಗಡಿನ ಡಬ್ಬಗಳನ್ನು ಹಾದು ಒಳಗೆ ಬರುತ್ತದೆ. ಆ ಡಬ್ಬ ತೆಗೆದು ಬರೀ ಪೈಪು ಹಾಕಿಸಿದ್ದರೆ ಬಿಸಿ ಬರುವ ದಾರಿಯೇ ಇಲ್ಲ. ಡಬ್ಬ ಇದ್ದರೆ ಕೇಬಲ್ ಎಳೆಸಿ, ಅದರ ಬಾಗಿಲ ಸನ್ನೆ ಆಡುತ್ತದೆಯೇ ನೋಡಿ, ತುಕ್ಕಿಗೆ ಸಾಮಾನ್ಯವಾಗಿ ಅದೇ ಕಚ್ಚಿಕೊಳ್ಳುವುದು. ಗಾಳಿ ಸಾಗುವುದು ಕಾರಿನ ಬಾಗಿಲುಗಳ ಕೆಳಗಿನ ಟೊಳ್ಳು ಪಟ್ಟಿಯೊಳಗೆ. ಅಲ್ಲಿ ತೂತಾಗಿದ್ದರೆ ಬಿಸಿಯೆಲ್ಲ ದಾರಿಯಲ್ಲೇ ಸೋರುತ್ತದೆ. ಒಳಗೆ ಹೊಗೆಯ ವಾಸನೆ ಬಂದರೆ ಮಾತ್ರ ಆ ಕ್ಷಣವೇ ಹೀಟರ್ ಮುಚ್ಚಿ, ಗಾಜು ಇಳಿಸಿ. ಹೊಗೆಯ ಜೊತೆ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ. ಡಬ್ಬದೊಳಗಿನ ಪೈಪನ್ನೂ ಎಕ್ಸಾಸ್ಟ್ ಗ್ಯಾಸ್ಕೆಟ್‌ಗಳನ್ನೂ ಬದಲಿಸುವವರೆಗೆ ಹೀಟರ್ ಮುಟ್ಟಬೇಡಿ.