ಸೇಫ್ ಎಕ್ಸಾಮ್ ಬ್ರೌಸರ್ ಇದ್ದರೂ ಮೊಬೈಲ್ ನೋಡಿ ಬರೆದರೆ?

ಮೇಡಂ, ಮನೆಯಿಂದ ಬರೆಯುವ ಆನ್‌ಲೈನ್ ಪರೀಕ್ಷೆಗೆ ಸೇಫ್ ಎಕ್ಸಾಮ್ ಬ್ರೌಸರ್ ಹಾಕಿಸಿದರೂ ಶಿರಸಿ ಸುತ್ತಿನ ಹಳ್ಳಿಗಳ ನಿಮ್ಮ ವಿದ್ಯಾರ್ಥಿಗಳು ಮೊಬೈಲ್ ನೋಡಿ ಬರೆಯುತ್ತಾರೆ ಎಂದಿದ್ದೀರಿ. ಪರೀಕ್ಷೆಯ ಹೊತ್ತಿಗೆ ಬೇರೆ ಆ್ಯಪ್, ಜಾಲತಾಣ ತೆರೆಯದಂತೆ ಆ ಬ್ರೌಸರ್ ಲ್ಯಾಪ್‌ಟಾಪನ್ನು ಮಾತ್ರ ಕಟ್ಟಿಹಾಕುತ್ತದೆ. ಕೀಬೋರ್ಡ್ ಪಕ್ಕದ ಫೋನು ಅದಕ್ಕೆ ಗೊತ್ತಾಗದು, ಮುಖವಷ್ಟೇ ಹಿಡಿಯುವ ವೆಬ್‌ಕ್ಯಾಮಿಗೂ ಕಾಣದು.

ಆ ಫೋನನ್ನೇ ಎರಡನೇ ಕ್ಯಾಮೆರಾ ಮಾಡಿಸಿ: ಓರೆಯಾಗಿ ಹಿಂಬದಿಯಲ್ಲಿ, ನಾಲ್ಕೈದು ಅಡಿ ದೂರ, ಭುಜದ ಎತ್ತರಕ್ಕೆ. ಪರದೆ, ಎರಡೂ ಕೈ, ತೊಡೆ ಕಾಣಲೇಬೇಕು. ಪರೀಕ್ಷೆಯ ವಿಡಿಯೋ ಮೀಟಿಂಗಿಗೆ ಆ ಫೋನಿನಿಂದಲೂ ಸೇರಿದ ಮೇಲೆ ಅದರ ಮೈಕ್, ಸ್ಪೀಕರ್ ಎರಡೂ ಬಂದ್, ಇಲ್ಲದಿದ್ದರೆ ಸದ್ದು ಮರುಕಳಿಸಿ ಕಿರುಗುಟ್ಟುತ್ತದೆ. ಚಾರ್ಜರ್ ಸಿಕ್ಕಿಸಿಯೇ ಇರಲಿ.

ಆದರೆ ಘಟ್ಟದ ಮನೆಗಳಲ್ಲಿ ಎಷ್ಟೋ ಸಲ ಅದೇ ಫೋನು ಹಾಟ್‌ಸ್ಪಾಟೂ ಆಗಿರುತ್ತದೆ. ಸಿಗ್ನಲ್ ಕಡಿಮೆಯಿದ್ದಲ್ಲಿ ಎರಡು ವಿಡಿಯೋ ಒಟ್ಟಿಗೆ ಓಡಿದರೆ ಪರೀಕ್ಷೆಯೇ ನಿಲ್ಲಬಹುದು. ಅಂಥವರು ಫೋನಿನಲ್ಲೇ ಕಡಿಮೆ ರೆಸಲ್ಯೂಶನ್‌ನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಕಳಿಸಲಿ. ಸಂಪರ್ಕ ಕಡಿದದ್ದನ್ನೇ ನಕಲು ಎಂದು ಎಣಿಸಬೇಡಿ, ಅದು ಅನ್ಯಾಯ.

ಮನೆಯ ಇನ್ನೊಂದು ಫೋನು ನೋಡಿ ಬರೆಯುವುದನ್ನು ತಡೆಯಲು ಈ ಕ್ಯಾಮೆರಾ ಒಂದೇ ಸಾಲದು. ಲೆಕ್ಕದ ಅಂಕಿಗಳನ್ನು ಒಬ್ಬೊಬ್ಬರಿಗೂ ಬದಲಿಸಿ, ಅನುಮಾನ ಬಂದವರಿಗೆ ಅವರದೇ ಉತ್ತರದ ಮೇಲೆ ಐದು ನಿಮಿಷ ಮೌಖಿಕ ಪ್ರಶ್ನೆ ಕೇಳಿ.